ನಲವತ್ತೇಳು ಕಿಲೋಮೀಟರ್

ಆ ಕಂಪನಿ ಹೆಸರು
ನಮ್ಮ ಮನ್ಯಾಗ ಯಾರೂ ಬಾಯಿಬಿಟ್ಟು ಹೇಳೂದಿಲ್ಲ.
ಹೇಳಬೇಕಾದ್ರ ನಮ್ಮಾಕಿ ಒಡಪು ಹಾಕತಾಳ,
ಮದುವ್ಯಾಗ ನನ್ನ ಹೆಸರಿಗೆ ಹಾಕಿದಂಗ:
‘ತಾಟಿನ್ಯಾಗ ತಂಬಿಗಿ, ತಂಬಿಗ್ಯಾಗ ನೀರು,
ನಮ್ಮನ್ನ ಬಿಟ್ಟು ಊರು ತಿರುಗಿತು
ಅವರ ಕಾರು.’

ಎರಡನೇ ಸರ್ವೀಸಿಗೆ ಬಿಟ್ಟಿದ್ದೆ, ನವನಗರದ ಶೋರೂಮಿನ್ಯಾಗ.
ಹನ್ನೊಂದಕ್ಕ ಕೊಡತೀವಿ ಅಂದವರು
ಸಂಜೀ ಆರೂವರಿ ಮಾಡಿದರು.
ಗಾಜಿನ ಒಳಗ ಯಾರದೋ ಹೊಸಾ ಗಾಡಿಗೆ ಚೆಂಡುಹೂವಿನ ಹಾರ,
ಕಾಯಿ ಒಡದು, ಫೋಟೋ ಹೊಡದು, ಪೇಢೆ ಹಂಚಿದರು.
ನನ್ನ ತನಕಾ ಬಂದ ತಾಟು
ಕೈಯಾಗಿನ ಸರ್ವೀಸ್ ಚೀಟಿ ನೋಡಿ
ಹೊಳ್ಳಿ ಹೋತು.
ಹೋದ ವರ್ಷ ಅದ ಗಾಜಿನ ಹಿಂದ
ನನಗೂ ಶಾಲು ಹೊಚ್ಚಿದ್ದರು.
ರಟ್ಟಿನ ದೊಡ್ಡ ಕೀಲಿಕೈ ಹಿಡಕೊಂಡು
ಹಲ್ಲು ಕಿಸದಿದ್ದೆ ನಾನು.

ಮೀಟರ್ ನೋಡಿದೆ.
ಬಿಡೂ ಮುಂದ ಬರಕೊಂಡಿದ್ದೆ; ಅಂಗಡಿ ಮನಷಾ, ಎಲ್ಲಾ ಬರಕೋತೀನಿ.
ನಲವತ್ತೇಳು ಹೆಚ್ಚಿಗಿ.
‘ಟೆಸ್ಟ್ ಡ್ರೈವ್ ರೀ ಸರ’ ಅಂದ ಸಂಗನಬಸು,
ಮಾರಿ ಎತ್ತದ, ಕಂಪ್ಯೂಟರಿಗೆ ಹೇಳಿದಂಗ.
‘ನಲವತ್ತೇಳು ಕಿಲೋಮೀಟರಾ?’
‘ಕಂಪನಿ ರೂಲ್ಸ್ ರೀ.’

ಹಿಂದಿನ ಸೀಟಿನ ಸಂದ್ಯಾಗ ಸಿಕ್ಕದ್ದು:
ಶೇಂಗಾ ಸಿಪ್ಪಿ,
ಕೂಸಿನ ಕಾಲಗೆಜ್ಜಿ, ಒಂದ.
ಬೆಳ್ಳೀದು. ನನ್ನ ಎರಡು ಬೆರಳಿಗೆ ಬಿಗಿ ಆಗೂವಷ್ಟು ಸಣ್ಣದು.

ಅಂದಿನಿಂದ ಆ ಗುರುತಿನ ಯಾವ ಗಾಡಿ ಕಂಡರೂ,
ಗದ್ದನಕೇರಿ ಕ್ರಾಸಿನ್ಯಾಗಿರಲಿ, ವಿದ್ಯಾಗಿರ್ಯಾಗಿರಲಿ,
ಹೊಟ್ಟ್ಯಾಗ ಒಗ್ಗರಣಿ ಸಿಡೀತೈತಿ.
ಬೀಗರು ತಗೋಬೇಕಂದಿದ್ದರು, ಬ್ಯಾಡ ಅಂದೆ.
ಹಲ್ಲಿನ ಡಾಕ್ಟರು, ಎಲ್ಲೈಸಿ ಏಜೆಂಟ, ಆತನ ಷಡ್ಡಕ,
ಒಟ್ಟು ಐದು ಮಂದೀನ್ನ ತಪ್ಪಿಸೀನಿ. ಲೆಕ್ಕ ಐತಿ.

ಖರೇ ಹೇಳಬೇಕಂದ್ರ
ಕಾರು ಛಲೋ ಐತಿ.
ಏರಿನ್ಯಾಗ ತೇಕೂದಿಲ್ಲ,
ಮೇ ತಿಂಗಳ ಬಿಸಲಾಗೂ ಏಸಿ ಹಲ್ಲು ಕಡಸತೈತಿ.
ಇದನ್ನ ಮಾತ್ರ ಯಾರ ಮುಂದೂ ಆಡಿಲ್ಲ.

ಹೋದ ಸೋಮವಾರ ಅಂಗಡಿಗೆ ಬಂದಳು, ಹುಬ್ಬಳ್ಳಿಯಾಕಿ.
ಪ್ಲಾಸ್ಟಿಕ್ ಚೀಲದಾಗಿಂದ ಕುಬಸ ತಗದು
ಕೌಂಟರ್ ಮ್ಯಾಲ ಒಗದಳು.
ಒಂದ ಒಗತಕ್ಕ ಬಣ್ಣ ಬಿಟ್ಟು
ಗಂಡನ ಬಿಳೀ ಅಂಗೀಗೂ ಹತ್ತಿತ್ತಂತ.
‘ಗುಳೇದಗುಡ್ಡದ ಖಣ ಅಂದ್ರ ಇಷ್ಟ ಏನ್ರಿ?
ಇನ್ನ ಜಲ್ಮದಾಗ ಮುಟ್ಟಂಗಿಲ್ಲ.
ನಮ್ಮ ಓಣ್ಯಾಗ ಒಬ್ಬರಿಗೂ ತಗೊಳ್ಳಾಕ ಬಿಡಂಗಿಲ್ಲ.’

ನಾಲಿಗಿ ತುದಿಗೆ ಬಂತು:
ತಂಗೀ, ಗುಳೇದಗುಡ್ಡ ನಿನಗೇನ ಮಾಡೈತಿ?
ಅಲ್ಲಿ ಮಾಗುಂಡಪ್ಪ ಮಾಮಾ
ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಕುಂತಾನ,
ಲೈಟ್ ಹೋದರೂ ಬೆರಳಲೇ ಎಳಿ ಎಣಸತಾನ.
ಅಂವಾ ನೇಯ್ದ ಖಣಾ ನಮ್ಮವ್ವ ಮೂವತ್ತು ವರ್ಷ ತೊಟ್ಟಾಳ.
ನೀ ಒಯ್ದದ್ದು ಅವಂದಲ್ಲ.
ಅದು ಮಿಲ್ಲಿನ ಮಾಲು,
ಒಂದಕ್ಕ ಅರವತ್ತು ರೂಪಾಯಿ ಉಳೀತಿತ್ತು,
ಗಂಟಿನ್ಯಾಗ ಕಲಿಸಿದಾಂವ
ನಾನು.

ಅನ್ನಲಿಲ್ಲ.
‘ತಣ್ಣೀರಿಗೆ ಉಪ್ಪು ಹಾಕಿ ಒಗೀಬೇಕಿತ್ರಿ’ ಅಂದೆ,
ಮಾರಿ ಎತ್ತದ, ಬಿಲ್‌ಬುಕ್ಕಿಗೆ ಹೇಳಿದಂಗ.

ಐತವಾರ ಮಾಮಾನ ಹಿಂದಿನ ಬಾಕಿ ಕೊಟ್ಟು ಬಂದೆ.
ಆತ ರೊಕ್ಕ ಎಣಸಲಿಲ್ಲ, ಚಾ ಕುಡಿ ಅಂದ.
ಮನೀಗೆ ಬಂದು ಮೀಟರ್ ನೋಡಿದರ
ಹೋಗಿ ಬಂದು ನಲವತ್ತೇಳು.
ಗುಳೇದಗುಡ್ಡಂತ ಏನಿಲ್ಲ, ನಾಕೂ ದಿಕ್ಕಿಗೆ
ನಲವತ್ತೇಳಕ್ಕ ಹೋಗಿ ಬರೂ ಊರು ಬೇಕಾದಷ್ಟದಾವು.
ಯಾವ ಊರಾಗ, ಯಾವ ಕೂಸಿಗೆ ರಾತ್ರೋರಾತ್ರಿ ಜ್ವರ ಬಂದಿತ್ತೋ,
ಇಲ್ಲಾ ಬರೇ ಜವಳಕ್ಕ ಹೋಗಿದ್ದರೋ ಮಂದಿ, ಪುಗಸಟ್ಟೆ, ನನ್ನ ಡೀಸಲ್‌ನ್ಯಾಗ.
ಗೆಜ್ಜಿ ಗಲ್ಲೇದಾಗ ಐತಿ.
ಚಿಲ್ಲರ ಹುಡುಕೂಮುಂದ ಬೆರಳಿಗೆ ಹತ್ತತೈತಿ.

ಮೂರನೇ ಸರ್ವೀಸ್ ಬಂದೈತಿ.
ಹುಬ್ಬಳ್ಳಿಗೆ ಒಯ್ಯತೀನಿ. ಕಂಪನಿ ಅದ, ಗಾಜು ಬ್ಯಾರೆ.
ಡಿಕ್ಕ್ಯಾಗ ಮಾಮಾನ ಖಣ ಒಂದು ಇಟ್ಟೀನಿ, ಹಸರ ಅಂಚಿಂದು.
ಆಕೀದು ಯಾವ ಓಣಿ, ಏನ ಹೆಸರು,
ಕೇಳಿಲ್ಲ.
ಎಲ್ಲಾ ಬರಕೊಳ್ಳಾಂವ.