ಹುಲ್ಲಿನೊಳಗಿನ ಕಾಲು

ಮೂರು ಕಾಲು ಸಿಕ್ಕಿವೆ. ನಾಲ್ಕನೆಯದು
ಹುಲ್ಲಿನೊಳಗೆ.
ಮರಕ್ಕೆ ಕಟ್ಟಿದ ಕ್ಯಾಮೆರಾ ತೆಗೆದ ಫೋಟೋ,
ಆರೆ ಕಾಲೊನಿಯ ಹಿಂಬದಿ, ನಡುರಾತ್ರಿ ಎರಡೂ ಹದಿನಾಲ್ಕು.
ಸಮಯ ಮೂಲೆಯಲ್ಲಿ ಅಚ್ಚಾಗಿದೆ; ಚಿರತೆಗೆ ಗೊತ್ತಿಲ್ಲ.

ಗೋರೆಗಾಂವ್ ಸ್ಟೇಷನ್ನಿನ ಜೆರಾಕ್ಸ್ ಅಂಗಡಿಯವಳು ನಾನು.
ಕೆಟ್ಟ ಪ್ರತಿಗಳ ಬೆನ್ನೇ ಕಾಗದ:
ಯಾರದೋ ಬಾಡಿಗೆ ಕರಾರಿನ ಹಿಂದೆ ಒಂದು ಬಾಲ,
ಮಾರ್ಕ್ಸ್ ಕಾರ್ಡಿನ ಹಿಂದೆ ಬರೀ ಕಿವಿಗಳು.
ಚುಕ್ಕೆ ಸುಲಭ, ಚುಕ್ಕೆ ಎಲ್ಲರೂ ಬಿಡಿಸುತ್ತಾರೆ.
ಭುಜದ ಮೇಲೆ ಚರ್ಮ ಹೇಗೆ ಜಾರುತ್ತದೆ,
ಮೈಭಾರ ಈಗ ಯಾವ ಕಾಲಿನ ಮೇಲೆ,
ಕೇಳಿದರೆ ಫೋಟೋ ತುಟಿ ಬಿಚ್ಚುವುದಿಲ್ಲ.

ಹಾಗಾಗಿ ಮೀನಿನ ಸುಗಂಧಾಬಾಯಿಯ ಬೆಕ್ಕು.
ಬುಟ್ಟಿಯ ಹತ್ತಿರ ಬರುವಾಗ ಅದು
ಮುಂಗಾಲು ಎತ್ತಿದ ಜಾಗದಲ್ಲೇ
ಹಿಂಗಾಲು ಇಡುತ್ತದೆ, ಸದ್ದಿಲ್ಲದೆ.
ಆ ಕಾಲನ್ನು ಕಡ ತಂದೆ.
ದೊಡ್ಡದು ಮಾಡಿದೆ. ಅಳಿಸಿದೆ. ಮತ್ತೆ ತಂದೆ.

ನಿನ್ನೆ ಆರೆ ಪಾಡಾದ ಲಾಡಕ್ಯಾ ಬಂದಿದ್ದ,
ಜಾತಿ ಪ್ರಮಾಣಪತ್ರ, ಎರಡು ಪ್ರತಿ.
ಮೆಷಿನ್ ಬಿಸಿಯಾಗುವವರೆಗೆ ಚಿತ್ರ ನೋಡಿದ.
‘ಮೂರು ಕಾಲು ಅದರದೇ,’ ಅಂದ,
‘ಇದೊಂದು ಮನೆಯದು.’
ಚಿಲ್ಲರೆ ಎಣಿಸಿಕೊಂಡು ಹೊರಟ.

ರಬ್ಬರು ಕೈಯಲ್ಲೇ ಇತ್ತು.
ಕೆಳಗಿಟ್ಟು ಹುಲ್ಲು ಬರೆಯತೊಡಗಿದೆ,
ಒಂದೊಂದೇ ಎಸಳು, ಮೊಣಕಾಲಿನವರೆಗೆ.