ಕೇಳುವ ಕೆಲಸ

ರಶ್ತ್ ಪಟ್ಟಣ. ಮೂರನೇ ಮಹಡಿ. ನನ್ನ ಕಿವಿಯೊಳಗೆ
ತೂರಾನ್ ಖಾನುಮ್ ತಂಗಿಗೆ ಹೇಳುತ್ತಿದ್ದಳು:
ಅಕ್ರೋಟು ನುಣ್ಣಗೆ ಅರೆ, ದಾಳಿಂಬೆ ರಸ ಆಮೇಲೆ,
ಉರಿ ಸಣ್ಣಗಿರಲಿ, ಇಡೀ ಮಧ್ಯಾಹ್ನ.
'ಉರಿ'ಯ ಕೆಳಗೆ ಕೆಂಪು ಗೆರೆ ಎಳೆದೆ.
ಎಳೆಯದಿದ್ದರೆ ಕೇಳುತ್ತಾರೆ, ಯಾಕೆ ಎಳೆಯಲಿಲ್ಲ ಎಂದು.
ಗೋಡೆಯಲ್ಲಿ ಷಾ, ಪದಕಗಳ ಸಮೇತ.

ಶುಕ್ರವಾರ ನಾನೇ ಒಲೆ ಹಚ್ಚಿದೆ.
ಬೆರಳು ನೆಕ್ಕುತ್ತ ಫರಂಗೀಸ್ ಕೇಳಿದಳು, ಯಾರು ಹೇಳಿಕೊಟ್ಟರು?
ಆಫೀಸಿನವರು, ಅಂದೆ.

ಶನಿವಾರ ತಪಾಸಣಾ ಇಲಾಖೆಯ ಲಕೋಟೆ
(ಕೇಳುವವರನ್ನು ಕೇಳುವವರು ಅವರು;
ಅವರನ್ನು ಕೇಳುವವರು ಯಾರೋ, ಕೇಳಬಾರದು):
"ನಿನ್ನೆ, ರಾತ್ರಿ ಎಂಟು. ನಿಮ್ಮ ಅಡುಗೆಮನೆ.
ದಾಳಿಂಬೆ ವಾಸನೆ. ಮೂಲ ತಿಳಿಸಿ."

ತೂರಾನ್ ಮನೆಯ ಫೋನು ಇವತ್ತು
ಬಡಿದುಕೊಳ್ಳುತ್ತಲೇ ಇದೆ, ಎತ್ತುವವರಿಲ್ಲ.
ಉಪ್ಪೆಷ್ಟು ಎಂದು ಆಕೆ ಹೇಳಿರಲೇ ಇಲ್ಲ.
ನಾನು ನೀರು ಕುಡಿಯುತ್ತಲೇ ಇದ್ದೇನೆ.