ಬಾಡಿಗೆ ಕರಾರಿಗೆ ಮುನ್ನ

ಕೂತ್ಕೋ ಡೆಲ್ಬರ್ಟ್, ಆ ಸ್ಟೂಲಿನ ಮೇಲೆ.
ಮೂವತ್ತೊಂದು ವರ್ಷ ಅದರ ಮೇಲೆ ಕೂತು
ಡುಲೂತ್ ಊರಿನ ಅರ್ಧ ಪಾದಗಳ
ಅಳತೆ ತೆಗೆದವನು ನಾನು.
ಇನ್ನರ್ಧ, ಬೆಟ್ಟದ ಮೇಲೆ ಮಾಲ್ ಬಂದ ವರ್ಷ
ನಡೆದೇ ಹೋದವು.

ಕಾರ್ಡಿನ ಅಂಗಡಿ ಅಂದೆ.
ಹಾಕಿ ಆಟಗಾರರ ಚಿತ್ರವಿರುವ,
ಇಸ್ಪೀಟಿನೆಲೆಗಿಂತ ತುಸು ದಪ್ಪನೆಯ ರಟ್ಟು.
ಕಾಗದದ ಗಿರಣಿ ಮುಚ್ಚಿದಾಗ ಕೈಗೆ ಬಂದ ಗಂಟನ್ನು
ಕಾಗದಕ್ಕೇ ಸುರಿಯುತ್ತೇನೆ ಅಂದೆ.
ಎಷ್ಟು ಅಂತ ನಾನು ಕೇಳಲಿಲ್ಲ.
ನಿನ್ನ ಹೆಂಡತಿ ಮಾರ್ವಾ ಕಾರಿನಲ್ಲೇ ಕೂತಿದ್ದಾಳೆ,
ಇಂಜಿನ್ ಆರಿಸಿಲ್ಲ.
ಅಷ್ಟರಲ್ಲೇ ಗೊತ್ತಾಯಿತು.

ಲೆಕ್ಕ ಹಾಕೋಣ, ಈ ಶೂ ಡಬ್ಬಿಯ ಮುಚ್ಚಳದ ಮೇಲೆ.
ಬಾಡಿಗೆ: ನನ್ನದು, ಚೌಕಾಸಿ ಇಲ್ಲ.
ಹೀಟರಿನ ಖರ್ಚು: ನವೆಂಬರಿನಿಂದ ಏಪ್ರಿಲ್ ತನಕ
ಆ ಸರೋವರ ಉಸಿರಾಡುವುದೇ
ಈ ಬಾಗಿಲ ಸಂದಿಯಿಂದ.
ಬಿಚ್ಚದ ಪೆಟ್ಟಿಗೆ ನೂರಕ್ಕೆ ತಂದರೆ
ನೂರಾಹನ್ನೆರಡಕ್ಕೆ ಮಾರುತ್ತೀ;
ಅದೇ ಪೆಟ್ಟಿಗೆ ಫೋನಿನೊಳಗೆ ನೂರಾಮೂರು,
ಮನೆ ಮೆಟ್ಟಿಲಿಗೇ ಬಂದು ಬೀಳುತ್ತದೆ.
ಒಡೆದು ಬಿಡಿಬಿಡಿಯಾಗಿ ಮಾರುತ್ತೇನೆ ಅನ್ನುತ್ತೀಯಾ?
ಅದು ವ್ಯಾಪಾರವಲ್ಲ, ಲಾಟರಿ.
ಗಲ್ಲಾದ ಯಾವ ಮಗ್ಗುಲಲ್ಲಿ ಕೂತು ಆಡಿದರೂ
ಲಾಟರಿಯೇ.

ಈ ವರ್ಷ ಸಾವಿರಕ್ಕೆ ಹೋಗುವ ಹುಡುಗ
ಎಲ್ಲೋ ಮೊಣಕಾಲು ತಿರುಚಿಕೊಂಡರೆ ಸಾಕು,
ನಿನ್ನ ಗಾಜಿನ ಕಪಾಟಿನಲ್ಲಿ ಕುಂಟತೊಡಗುತ್ತಾನೆ.
ಶೂ ಹಾಗಲ್ಲ.
ಮೆಟ್ಟಿದವನು ಬಿದ್ದರೂ
ಶೂವಿನ ಬೆಲೆ ಬೀಳುವುದಿಲ್ಲ.

ಇನ್ನು ಬರುವವರು ಯಾರು?
ಶನಿವಾರ ಹುಡುಗರು: ಒಂದು ಡಾಲರ್, ಎರಡು ಗಂಟೆ,
ಗಾಜಿನ ತುಂಬ ಬೆರಳ ಗುರುತು.
ಉಳಿದ ದಿನ ನನ್ನಂಥ ಮುದುಕರು,
ಅಮ್ಮ ತಿಪ್ಪೆಗೆಸೆದ ಡಬ್ಬಿಯ ಕಥೆ ಹೇಳಲಿಕ್ಕೆ.
ಇಲ್ಲವೆ, ಎಸೆಯದೆ ಉಳಿದದ್ದನ್ನು ಮಾರಲಿಕ್ಕೆ.
ಅವರ ಬಾಲ್ಯಕ್ಕೆ ನೀನು ಕಟ್ಟುವ ದರ ಕೇಳಿ
ಮುಖ ಗಂಟಿಕ್ಕಿ,
ಮಂಜು ಕೊಡವಿದ್ದ ಬೂಟನ್ನು ಮತ್ತೆ ಮಂಜಿಗಿಡುವವರು.

ಬೇಡ ಅನ್ನುವುದಕ್ಕೆ ಇಷ್ಟು ಸಾಲದೆ?

ಇರು. ಏಳಬೇಡ.
ನನ್ನ ಪರ್ಸಿನಲ್ಲೂ ಒಂದಿದೆ, ನೋಡು.
ನನ್ನ ತಮ್ಮ, ರೈನೊ. ಗೋಲಿ.
ಯಾರೂ ನೆನಪಿಡದ ಸಣ್ಣ ಲೀಗು, ಹತ್ತೊಂಬತ್ತೇ ಆಟ.
ಆ ಚಳಿಗಾಲ ಬೇಕರಿಯವರು
ಬ್ರೆಡ್ಡಿನ ಪೊಟ್ಟಣದಲ್ಲಿ ಹಾಕಿ ಕೊಟ್ಟದ್ದು.
ಈಗ ಬೇಕರಿ ಇಲ್ಲ, ಲೀಗಿಲ್ಲ,
ರೈನೊ... ಇರಲಿ.
ಎಷ್ಟು ಬಂದೀತು?

ಜೇಬಿನಿಂದ ಭೂತಗನ್ನಡಿ ತೆಗೆಯುತ್ತೀ.
ಅಂಚು ಮಾತ್ರ ಹಿಡಿದು ಕಿಟಕಿಯ ಕಡೆ ವಾಲಿಸುತ್ತೀ.
ಬಹಳ ಹೊತ್ತು.
ಅಷ್ಟು ಹೊತ್ತು ರೈನೊನನ್ನು ಯಾರೂ ನೋಡಿದ್ದಿಲ್ಲ,
ಗೋಲು ಹೊಡೆಯಲು ಬಂದವರೂ.

"ಮೂಲೆ ಮಡಿದಿದೆ. ಬೆಣ್ಣೆಯ ಕಲೆ.
ಹೆಸರಿನಲ್ಲಿ ಒಂದಕ್ಷರ ತಪ್ಪು.
ಹತ್ತು ಸೆಂಟ್, ಕೊಳ್ಳುವವ ಸಿಕ್ಕರೆ."

ಆಮೇಲೆ ಅದನ್ನು ತೆಳ್ಳನೆಯ ಪ್ಲಾಸ್ಟಿಕ್ ಕವರಿಗಿಳಿಸಿ
ನನ್ನ ಕೈಗಿಡುತ್ತೀ, ಕೈ ಚಾಚಿಯೇ ಇರುತ್ತೀ:
"ಕವರಿಗೆ ಹದಿನೈದು."

ನೋಡಪ್ಪಾ! ಒಳಗಿರುವವನಿಗಿಂತ
ಹೊದಿಕೆಗೇ ಐದು ಹೆಚ್ಚು.
ಕೊಟ್ಟೆ. ಎಣಿಸಿ ಕೊಟ್ಟೆ.
ಹೋಗಲಿ, ನಿನ್ನ ಬೋಣಿಯಾಯಿತು.

ಮೂರು ತಿಂಗಳ ಮುಂಗಡ, ಒಂದು ಸೆಂಟೂ ಕಡಿಮೆಯಿಲ್ಲ.
ಇದು ಜಾಣತನವಲ್ಲ, ಈಗಲೂ ಹೇಳುತ್ತೇನೆ,
ಬೇಕಾದರೆ ಮಾರ್ವಾಳನ್ನು ಕರೆ, ಅವಳೆದುರೂ ಹೇಳುತ್ತೇನೆ.
ಸ್ಟೂಲು ಇಲ್ಲೇ ಇರಲಿ.
ಅದರ ಒಂದು ಕಾಲು ಗಿಡ್ಡ, ಅಲ್ಲಾಡುತ್ತದೆ,
ಅಡಿಗೊಂದು ರಟ್ಟಿನ ಚೂರು ಕೊಡಬೇಕು.
ನಿನಗೇನು, ರಟ್ಟಿಗೆ ಬರವೇ?